ಬಟ್ಟೆಗೆ ಬಣ್ಣ, ಬಣ್ಣಕ್ಕೆ ಪಕ್ಷ

ಡಿಸೆಂಬರ್ ತಿಂಗಳ ಚಳಿಯಲ್ಲಿ ಒಂದು ಬೆಳಗಿನ ಜಾವ ಬಂಗಾರಪೇಟೆ ಜಂಕ್ಷನ್ನಿಗೆ ಹೋಗಿ ನಿಂತರೆ ಬಣ್ಣಗಳ ಒಂದು ಸಂತೆಯನ್ನೇ ಕಾಣಬಹುದು. ಮಾರಿಕುಪ್ಪಂ ಕಡೆಯಿಂದ ಬರುವ ರೈಲಿನಲ್ಲಿ ಮಾಲೆ ಧರಿಸಿದ ಅಯ್ಯಪ್ಪ ಭಕ್ತರಿದ್ದಾರೆ, ಅವರದು ಕಪ್ಪು ಪಂಚೆ, ಕಪ್ಪು ಅಂಗಿ. ಅದೇ ಬೋಗಿಯಲ್ಲಿ ದೇವರನ್ನೇ ಒಪ್ಪದ ಪೆರಿಯಾರ್ ಅನುಯಾಯಿಯೊಬ್ಬರು ಕೂತಿರಬಹುದು, ಅವರದೂ ಕಪ್ಪು ಅಂಗಿಯೇ. ಪ್ಲಾಟ್‌ಫಾರಂ ಮೇಲೆ ಮೇಲ್‌ಮರುವತ್ತೂರಿಗೆ ಹೊರಟ ಓಂ ಶಕ್ತಿ ಮಹಿಳೆಯರ ಗುಂಪು ಕೆಂಪು ಸೀರೆಯಲ್ಲಿ ಕಾಯುತ್ತಿರುತ್ತದೆ. ಅವರ ಪಕ್ಕದಲ್ಲೇ ಕಾರ್ಮಿಕ ಸಂಘದ ಸಭೆಗೆ ಹೊರಟವರ ಕೆಂಪು ಶಾಲೂ ಇರುತ್ತದೆ.

ನೋಡುವವರು ಯಾರೂ ಗಲಿಬಿಲಿಗೊಳ್ಳುವುದಿಲ್ಲ. ಯಾವ ಕಪ್ಪು ಶಬರಿಮಲೆಗೆ, ಯಾವ ಕಪ್ಪು ವಿಚಾರವಾದಕ್ಕೆ, ಯಾವ ಕೆಂಪು ಅಮ್ಮನಿಗೆ, ಯಾವ ಕೆಂಪು ಕಾರ್ಮಿಕ ಸಂಘಕ್ಕೆ ಸೇರಿದ್ದು ಎಂಬುದು ಇಲ್ಲಿನ ಚಹಾ ಮಾರುವ ಹುಡುಗನಿಗೂ ಗೊತ್ತು. ಯಾವ ಶಾಲೆಯಲ್ಲೂ ಕಲಿಸದ ಈ ಪಾಠವನ್ನು ಜನ ಕಲಿತದ್ದು ಎಲ್ಲಿ? ಬರಿಯ ಬಟ್ಟೆಯ ಬಣ್ಣವೊಂದು ಒಂದು ಪಕ್ಷದ, ಒಂದು ಜಾತಿಯ, ಒಂದು ಭಾಷೆಯ ಗುರುತಾಗಿ, ಒಮ್ಮೊಮ್ಮೆ ಭಯಕ್ಕೂ ಕಾರಣವಾಗಿ ಬದಲಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಕೋಲಾರ ಚಿನ್ನದ ಗಣಿಗಿಂತ ಒಳ್ಳೆಯ ಜಾಗ ಸಿಗಲಾರದು.

ಉಡುವ ಹಕ್ಕು ಯಾರದು?

ಬಣ್ಣದ ಮಾತಿಗೆ ಮೊದಲು ಬಟ್ಟೆಯ ಮಾತು ಬರಬೇಕು. ನಮ್ಮ ದೇಶದಲ್ಲಿ ಯಾರು ಏನನ್ನು ಉಡಬೇಕೆಂಬುದನ್ನು ಬೇರೆಯವರು ನಿರ್ಧರಿಸುತ್ತಿದ್ದ ಕಾಲ ತೀರಾ ಹಿಂದಿನದಲ್ಲ. 1930ರ ಡಿಸೆಂಬರಿನಲ್ಲಿ ಮದರಾಸು ಪ್ರಾಂತದ ರಾಮನಾಡು ಜಿಲ್ಲೆಯಲ್ಲಿ ಕಳ್ಳರ್ ಜಾತಿಯವರು ಆದಿ ದ್ರಾವಿಡರಿಗೆ ಎಂಟು ನಿಷೇಧಗಳನ್ನು ವಿಧಿಸಿದರು. ಆದಿ ದ್ರಾವಿಡರು ಚಿನ್ನ ಬೆಳ್ಳಿಯ ಒಡವೆ ತೊಡಬಾರದು, ಗಂಡಸರು ಮೊಣಕಾಲಿನಿಂದ ಕೆಳಗೆ ಮತ್ತು ಸೊಂಟದಿಂದ ಮೇಲೆ ಬಟ್ಟೆ ಧರಿಸಬಾರದು, ಹೆಂಗಸರು ಮೈಯ ಮೇಲ್ಭಾಗ ಮುಚ್ಚಬಾರದು ಎಂಬುವು ಅವುಗಳಲ್ಲಿ ಸೇರಿದ್ದವು. 1931ರ ಜನಗಣತಿಯ ಆಯುಕ್ತ ಹಟನ್ ಇದನ್ನು ದಾಖಲಿಸಿದ್ದಾರೆ.

ಕೋಲಾರದ ಗಣಿಗೆ ದುಡಿಯಲು ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಮೊದಲಾದ ಕಡೆಯ ಆದಿ ದ್ರಾವಿಡ ಕುಟುಂಬಗಳ ಜನ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಯ ಕೆಲಸ ಕೈಗೆತ್ತಿಕೊಂಡ ಮೇಲೆ ಇವರ ಸಂಖ್ಯೆ ಬೆಳೆಯುತ್ತ ಹೋಯಿತು. ಹಳ್ಳಿಯ ಜಮೀನ್ದಾರನ ಕಣ್ಣಳತೆಯಿಂದ ದೂರವಾಗಿ, ವಾರದ ಕೊನೆಗೆ ನಗದು ಕೂಲಿ ಎಣಿಸಿಕೊಳ್ಳುವ ಜಾಗ ಇದು. ಆ ದುಡ್ಡಿನಲ್ಲಿ ಅಂಗಿ ಹೊಲಿಸಿಕೊಳ್ಳಬಹುದಿತ್ತು, ಪಂಚೆಯನ್ನು ಕಣಕಾಲಿನವರೆಗೆ ಇಳಿಬಿಡಬಹುದಿತ್ತು. ಊರಿನಲ್ಲಿ ಏಟಿಗೆ ಕಾರಣವಾಗಬಹುದಾಗಿದ್ದ ಒಂದು ಅಂಗಿ ರಾಬರ್ಟ್‌ಸನ್‌ಪೇಟೆಯ ಬೀದಿಯಲ್ಲಿ ಕೇವಲ ಅಂಗಿಯಾಗಿತ್ತು. ಇಷ್ಟೇ ಸಂಗತಿ ಆ ಕಾಲದಲ್ಲಿ ದೊಡ್ಡ ರಾಜಕೀಯವೆನ್ನಲಡ್ಡಿಯಿಲ್ಲ.

ಆದರೆ ಜಮೀನ್ದಾರನ ಜಾಗಕ್ಕೆ ಕಂಪನಿ ಬಂತು. ಚಿನ್ನದ ಕಳವು ತಡೆಯುವ ಹೆಸರಿನಲ್ಲಿ ಗಣಿಯಿಂದ ಮೇಲೆ ಬಂದ ಕಾರ್ಮಿಕನ ಮೈ, ಬಟ್ಟೆ ಎಲ್ಲವೂ ತಪಾಸಣೆಗೆ ಒಳಪಡುತ್ತಿದ್ದವು. ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮವನ್ನು 1930ರಲ್ಲಿ ಕಂಪನಿ ತರಲು ಹೊರಟಾಗ ಗಣಿಗಳು ಸ್ತಬ್ಧವಾದವು. ಬೆರಳಚ್ಚು ಕಳ್ಳರಿಗೆ, ಕೈದಿಗಳಿಗೆ, ನಮಗಲ್ಲ ಎಂಬುದು ಕಾರ್ಮಿಕರ ನಿಲುವು. ಸುಮಾರು ಮೂರು ವಾರ ನಡೆದ ಆ ಮುಷ್ಕರಕ್ಕೆ ಕಂಪನಿ ಮಣಿಯಬೇಕಾಯಿತು. ನಮ್ಮ ಗುರುತನ್ನು ಬೇರೆಯವರು ನಮ್ಮ ಮೈಮೇಲೆ ಒತ್ತಕೂಡದು ಎಂಬ ಹಟ ಈ ನೆಲದಲ್ಲಿ ಅಷ್ಟು ಹಳೆಯದು. ಗುರುತನ್ನು ನಾವೇ ಆರಿಸಿಕೊಳ್ಳುತ್ತೇವೆ ಎಂಬುದು ಅದರ ಮುಂದಿನ ಹೆಜ್ಜೆ. ಬಣ್ಣಗಳ ಕಥೆ ಶುರುವಾಗುವುದು ಅಲ್ಲಿಂದ.

ಬಿಳಿ, ಕಪ್ಪು, ಕೆಂಪು, ನೀಲಿ

ಮೊದಲು ಬಂದದ್ದು ಬಿಳಿ. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದ ಪಂಡಿತ ಅಯೋತಿ ದಾಸರ ವಿಚಾರಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗಣಿಗೆ ತಲುಪಿದ್ದವು. ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್ ದಕ್ಷಿಣ ಭಾರತದ ಬೌದ್ಧ ಚಳವಳಿಯ ಮುಖ್ಯ ನೆಲೆಗಳಾದವು. ಅಯೋತಿ ದಾಸರು ನಡೆಸುತ್ತಿದ್ದ 'ತಮಿಳನ್' ಪತ್ರಿಕೆ ಅವರ ಕಾಲಾನಂತರ ನಿಂತುಹೋಗಿ, 1920ರ ದಶಕದಲ್ಲಿ ಚಾಂಪಿಯನ್ ರೀಫ್ಸ್‌ನಿಂದಲೇ ಮತ್ತೆ ಹೊರಡತೊಡಗಿತು. ಬೌದ್ಧರಲ್ಲಿ ಕಾಷಾಯ ಭಿಕ್ಷುಗಳಿಗೆ, ಬಿಳಿ ಗೃಹಸ್ಥರಿಗೆ. ಪಾಳಿ ಗ್ರಂಥಗಳು ಗೃಹಸ್ಥ ಉಪಾಸಕನನ್ನು ಬಿಳಿ ಬಟ್ಟೆಯವನೆಂದೇ ಕರೆಯುತ್ತವೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ ಪಡೆದಾಗ ಡಾ. ಅಂಬೇಡ್ಕರ್ ಉಟ್ಟದ್ದೂ ಬಿಳಿಯನ್ನೇ. ಇಡೀ ದಿನ ನೆಲದಾಳದ ಕೊಳೆಯಲ್ಲಿ ದುಡಿದವನು ಸಂಜೆ ಒಗೆದ ಬಿಳಿ ಬಟ್ಟೆಯಲ್ಲಿ ಸಭೆಗೆ ಬಂದು ಕೂರುವುದೆಂದರೆ ಅದು ಶೋಕಿಯಲ್ಲ, ಒಂದು ಹೇಳಿಕೆ.

ಅದೇ ಕಾಲಕ್ಕೆ ಇನ್ನೊಂದು ಬಿಳಿಯೂ ದೇಶದಲ್ಲಿ ಹಬ್ಬಿತ್ತು, ಅದು ಖಾದಿಯದು. ಗಾಂಧಿ ಟೋಪಿ ಹಾಕಿಕೊಂಡು ಕಚೇರಿಗೆ ಬಂದ ನೌಕರನ ಮೇಲೆ ಬ್ರಿಟಿಷ್ ಅಧಿಕಾರಿಗಳು ಕಣ್ಣು ಕೆಂಪಗೆ ಮಾಡುತ್ತಿದ್ದ ದಿನಗಳವು. ಬಣ್ಣದ ಬಟ್ಟೆಗಾಗಿ ಪ್ರಾಣ ತೆತ್ತ ಉದಾಹರಣೆಗೂ ದೂರ ಹೋಗಬೇಕಿಲ್ಲ. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಪೊಲೀಸರು ಗುಂಡು ಹಾರಿಸಿದ್ದು ಮೂರು ಬಣ್ಣದ ಬಾವುಟಕ್ಕೆ ಸೇರಿದ್ದ ಜನರ ಮೇಲೆ.

ಕಪ್ಪಿನ ಕಥೆ ಇನ್ನೂ ಸ್ವಾರಸ್ಯಕರ. 1944ರಲ್ಲಿ ಸೇಲಂನಲ್ಲಿ ದ್ರಾವಿಡರ್ ಕಳಗಂ ಹುಟ್ಟಿತು. ಮರುವರ್ಷ ಪೆರಿಯಾರ್ ಕಪ್ಪಂಗಿ ಸ್ವಯಂಸೇವಕರ ಪಡೆ ಕಟ್ಟಲು ಕರೆ ಕೊಟ್ಟರು. ಕಪ್ಪು ಅವರ ಲೆಕ್ಕದಲ್ಲಿ ಅವಮಾನದ ಗುರುತು, ದ್ರಾವಿಡರಿಗೆ ಬಂದೊದಗಿದ ಕೀಳು ಸ್ಥಿತಿಯ ಗುರುತು. ಆ ಸ್ಥಿತಿ ಕಳೆಯುವವರೆಗೆ ಅದನ್ನು ಮೈಮೇಲೆ ಹೊತ್ತು ತಿರುಗಬೇಕೆಂಬ ಆಶಯ. ಶುಭಕಾರ್ಯಕ್ಕೆ ಕಪ್ಪು ಬೇಡವೆನ್ನುವ ಸಮಾಜದಲ್ಲಿ ಬೇಕೆಂದೇ ಕಪ್ಪನ್ನು ಆರಿಸಿದ್ದು ಸಣ್ಣ ಸಂಗತಿಯಲ್ಲ. 1946ರ ಮೇ ತಿಂಗಳಲ್ಲಿ ಮಧುರೆಯಲ್ಲಿ ನಡೆದ ಕಪ್ಪಂಗಿ ಸಮ್ಮೇಳನದ ಪೆಂಡಾಲಿಗೆ ಬೆಂಕಿ ಬಿತ್ತು. 1948ರಲ್ಲಿ ಮದರಾಸು ಸರ್ಕಾರ ಕಪ್ಪಂಗಿ ಪಡೆಯನ್ನೇ ನಿಷೇಧಿಸಿತು. ನಿಷೇಧವಾದ ಮೇಲೆ ಆ ಅಂಗಿಗೆ ಬೆಲೆ ಇಳಿಯಲಿಲ್ಲ, ಏರಿತು. ಮದರಾಸಿನ ರಾಜಕೀಯದ ಪ್ರತಿ ಅಲೆಯೂ ಬಂದು ತಾಗುತ್ತಿದ್ದ ಗಣಿಯಲ್ಲಿ ಈ ಕಪ್ಪಂಗಿಯೂ ಬೇಗನೆ ಪರಿಚಿತವಾಯಿತು.

1949ರಲ್ಲಿ ಅಣ್ಣಾದೊರೈ ಬೇರೆಯಾಗಿ ಡಿಎಂಕೆ ಕಟ್ಟಿದಾಗ ಬಾವುಟದಲ್ಲಿ ಮೇಲೆ ಕಪ್ಪು, ಕೆಳಗೆ ಕೆಂಪು ಬಂತು. 1972ರಲ್ಲಿ ಎಂ.ಜಿ.ಆರ್. ಹೊರಬಂದು ಅಣ್ಣಾ ಡಿಎಂಕೆ ಸ್ಥಾಪಿಸಿದಾಗ ಅದೇ ಕಪ್ಪು ಕೆಂಪಿನ ನಡುವೆ ಬಿಳಿಯ ಬಣ್ಣದಲ್ಲಿ ಅಣ್ಣಾದೊರೈ ಚಿತ್ರ ಸೇರಿತು. ಈ ಬಣ್ಣಗಳು ಬಾವುಟದಿಂದ ಇಳಿದು ಪಂಚೆಯ ಅಂಚಿಗೆ ಬಂದವು. ತಮಿಳಿನಲ್ಲಿ 'ಕರೈ ವೇಷ್ಟಿ' ಎಂದು ಕರೆಯುವ ಈ ಪಕ್ಷದ ಅಂಚಿನ ಪಂಚೆಯನ್ನು ನೋಡಿದರೆ ಸಾಕು, ಉಟ್ಟವರ ಪಕ್ಷವನ್ನು ಕೇಳಬೇಕಿಲ್ಲ. ಒಂದು ಬೆರಳು ಅಗಲದ ಅಂಚು ಒಬ್ಬ ಮನುಷ್ಯನ ವೋಟನ್ನು ಬೀದಿಗೆ ಸಾರುತ್ತದೆ.

ಕೆಂಪು ಕಾರ್ಮಿಕ ಸಂಘದ ಜೊತೆ ಬಂತು. 1940ರ ದಶಕದಲ್ಲಿ ಕಮ್ಯುನಿಸ್ಟರು ಗಣಿಯಲ್ಲಿ ಸಂಘ ಕಟ್ಟಿದರು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದ ಮೇಲೆ ಆ ಬಾವುಟದ ಕೆಂಪಿಗೆ ಇಲ್ಲಿ ಬೇರೆ ವಿವರಣೆ ಬೇಕಾಗಲಿಲ್ಲ.

ಕೊನೆಗೆ ನೀಲಿ. 1942ರಲ್ಲಿ ಅಂಬೇಡ್ಕರ್ ಕಟ್ಟಿದ ಪರಿಶಿಷ್ಟ ಜಾತಿಗಳ ಒಕ್ಕೂಟದ ಬಾವುಟ ನೀಲಿ. 1957ರಲ್ಲಿ ಬಂದ ರಿಪಬ್ಲಿಕನ್ ಪಕ್ಷದ್ದೂ ನೀಲಿಯೇ. ನೀಲಿ ಯಾಕೆ ಎಂಬುದಕ್ಕೆ ಹಲವು ವಿವರಣೆಗಳಿವೆ. ಎಲ್ಲರ ಮೇಲೂ ಒಂದೇ ಆಗಿ ಹರಡಿದ ಆಕಾಶದ ಬಣ್ಣ ಎಂಬುದು ಜನ ಹೆಚ್ಚಾಗಿ ಹೇಳುವ ಮಾತು. ಬಟ್ಟೆಯ ಮಹತ್ವ ಅಂಬೇಡ್ಕರರಿಗೆ ಚೆನ್ನಾಗಿ ತಿಳಿದಿತ್ತು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಸೇರಿದ್ದ ಮಹಿಳೆಯರಿಗೆ ಅವರು ಹೇಳಿದ್ದು, ನಿಮ್ಮ ಜಾತಿಯನ್ನು ತೋರಿಸಿಕೊಡುವಂತೆ ಸೀರೆ ಉಡುವ ಪದ್ಧತಿಯನ್ನು, ಒಡವೆಗಳನ್ನು ಬಿಟ್ಟುಬಿಡಿ ಎಂದು. 1954ರಲ್ಲಿ ಅವರು ಕೆ.ಜಿ.ಎಫ್.ಗೂ ಬಂದಿದ್ದರು. ಇಂದು ಊರೂರಿನಲ್ಲಿ ನಿಂತಿರುವ ಅವರ ಪ್ರತಿಮೆಗೆ ಬಳಿದ ಕೋಟಿನ ನೀಲಿಯೇ ದಲಿತ ಚಳವಳಿಯ ಹೆಗಲ ಮೇಲಿನ ಶಾಲಿನ ನೀಲಿ.

ಪರಿಶಿಷ್ಟ ಜಾತಿಗೆ ಮೀಸಲಾದ ಕೆ.ಜಿ.ಎಫ್. ವಿಧಾನಸಭಾ ಕ್ಷೇತ್ರದ ಇತಿಹಾಸವನ್ನೊಮ್ಮೆ ನೋಡಿದರೆ ಇದು ಎಷ್ಟು ನಿಜವೆಂದು ತಿಳಿಯುತ್ತದೆ. ರಿಪಬ್ಲಿಕನ್ ಪಕ್ಷ, ಮಾರ್ಕ್ಸ್‌ವಾದಿ ಕಮ್ಯುನಿಸ್ಟ್ ಪಕ್ಷ, ಅಣ್ಣಾ ಡಿಎಂಕೆ, ಬಿಜೆಪಿ, ಕಾಂಗ್ರೆಸ್ ಎಲ್ಲವೂ ಇಲ್ಲಿ ಗೆದ್ದಿವೆ. ಕರ್ನಾಟಕದ ಬೇರಾವ ಕ್ಷೇತ್ರದ ಮತದಾರರೂ ಇಷ್ಟು ಬಣ್ಣಗಳಿಗೆ ವಿಧಾನಸೌಧದ ದಾರಿ ತೋರಿಸಿದ ನಿದರ್ಶನ ಸುಲಭಕ್ಕೆ ಸಿಗದು.

ಒಂದೇ ಹಳದಿ, ನಾಲ್ಕು ಅರ್ಥ

ಹಳದಿಯ ಮಾತೇ ಬೇರೆ. ಬಂಗಾರಪೇಟೆ ಮೂರು ರಾಜ್ಯಗಳ ಗಡಿಗೆ ಹತ್ತಿರದ ಊರು. ಇಲ್ಲಿಂದ ರೈಲು ಹತ್ತಿ ಕಾಮಸಮುದ್ರ, ಬಿಸಾನತ್ತಂ ದಾಟಿದರೆ ಆಂಧ್ರದ ಕುಪ್ಪಂ. ಚಂದ್ರಬಾಬು ನಾಯ್ಡು 1989ರಿಂದಲೂ ಗೆದ್ದು ಬರುತ್ತಿರುವ ಕ್ಷೇತ್ರವದು. ಅಲ್ಲಿ ಹೆಗಲ ಮೇಲೆ ಹಳದಿ ಶಾಲು ಬಿದ್ದರೆ 1982ರಲ್ಲಿ ಎನ್.ಟಿ. ರಾಮರಾವ್ ಕಟ್ಟಿದ ತೆಲುಗು ದೇಶಂ ಎಂದೇ ಅರ್ಥ. ತಮಿಳು ರಾಜಕೀಯ ಬಲ್ಲವರಿಗೆ ಹಳದಿ ಶಾಲೆಂದರೆ ನೆನಪಾಗುವುದು ಕರುಣಾನಿಧಿ. ಮಾರಿಯಮ್ಮನಿಗೆ ಹರಕೆ ಹೊತ್ತ ಹೆಣ್ಣುಮಗಳಿಗೆ ಅದು ಅರಿಶಿನದ ಸೀರೆ, ಅಷ್ಟೇ. ಇದೇ ಹಳದಿಯ ಪಕ್ಕದಲ್ಲಿ ಕೆಂಪು ಸೇರಿದರೆ ಅದು ಕನ್ನಡ.

ಕನ್ನಡದ ಹಳದಿ ಕೆಂಪು ಬಾವುಟ 1960ರ ದಶಕದ್ದು. ಕನ್ನಡ ಹೋರಾಟಗಾರ, ಪತ್ರಕರ್ತ ಮ. ರಾಮಮೂರ್ತಿ ಅದನ್ನು ರೂಪಿಸಿದರು. ಅರಿಶಿನ ಕುಂಕುಮದ ಆ ಜೋಡಿ ಮನೆಮನೆಯ ಹೊಸ್ತಿಲ ಮೇಲೆ ಮೊದಲೇ ಇದ್ದದ್ದರಿಂದ ಜನಕ್ಕೆ ತಟ್ಟನೆ ಒಗ್ಗಿತು. ಯಾವ ಸರ್ಕಾರಿ ಆದೇಶವೂ ಇಲ್ಲದೆ ಆಟೋರಿಕ್ಷಾದ ಕನ್ನಡಿಗೆ, ಬಸ್ ನಿಲ್ದಾಣದ ಕಂಬಕ್ಕೆ, ನವೆಂಬರ್ ಒಂದರಂದು ಹೆಗಲಿಗೆ ಏರಿತು. ಮಧ್ಯದಲ್ಲಿ ಬಿಳಿ ಸೇರಿಸಿದ ಬಾವುಟವೊಂದನ್ನು 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಮುಂದಿಟ್ಟಾಗ ಹಳೆಯ ಜೋಡಿಯೇ ಸಾಕೆಂದವರೂ ಬಹಳ ಮಂದಿ.

ಆದರೆ ತಮಿಳು ಮನೆಮಾತಿನವರೇ ಹೆಚ್ಚಿರುವ ಗಣಿಯ ಲೈನುಗಳಲ್ಲಿ ಈ ಜೋಡಿ ಬಣ್ಣಕ್ಕೆ ಒಂದು ಕಾಲದಲ್ಲಿ ಅಷ್ಟು ನಿರಾಳವಾದ ಅರ್ಥವಿರಲಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಸಂಬಂಧ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದವು. 2016ರ ಸೆಪ್ಟೆಂಬರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳಿಗೆ ಬೆಂಕಿ ಬಿತ್ತು. ಇಂಥ ದಿನಗಳಲ್ಲಿ ಮನುಷ್ಯ ಬಟ್ಟೆಯನ್ನು ಕನ್ನಡಿ ನೋಡಿಕೊಂಡು ಆರಿಸುವುದಿಲ್ಲ, ಬೀದಿ ನೋಡಿಕೊಂಡು ಆರಿಸುತ್ತಾನೆ. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಗನಿಗೆ 'ಈ ವಾರ ಆ ಅಂಚಿನ ಪಂಚೆ ಬೇಡಪ್ಪ, ಪ್ಯಾಂಟು ಹಾಕ್ಕೊಂಡು ಹೋಗು' ಎನ್ನುವ ತಾಯಿಗೆ ರಾಜಕೀಯಶಾಸ್ತ್ರ ಗೊತ್ತಿರಬೇಕಿಲ್ಲ. ಇನ್ನೊಂದು ಬದಿಯಲ್ಲಿ, ನಾಲ್ಕು ತಲೆಮಾರು ಇಲ್ಲೇ ಬಾಳಿದ ಮನೆಯ ಹುಡುಗ ರಾಜ್ಯೋತ್ಸವದಂದು ಸ್ವಇಚ್ಛೆಯಿಂದ ಹಳದಿ ಕೆಂಪು ಶಾಲು ಹೊದ್ದರೆ ಅದು ಈ ಊರು ನನ್ನದೂ ಹೌದು ಎಂಬ ಮಾತು. ಒಂದೇ ಶಾಲು ಒಬ್ಬನಿಗೆ ಒತ್ತಾಯ, ಇನ್ನೊಬ್ಬನಿಗೆ ಹಕ್ಕು. ವ್ಯತ್ಯಾಸ ಬಣ್ಣದಲ್ಲಿಲ್ಲ, ಹೊದೆಯುವ ಸ್ವಾತಂತ್ರ್ಯದಲ್ಲಿದೆ.

ಬಣ್ಣ ಬಂದದ್ದು ಆಕಸ್ಮಿಕ, ಉಳಿದದ್ದು ಅಲ್ಲ

ಬಣ್ಣಗಳಿಗೆ ಹುಟ್ಟಿನಿಂದಲೇ ಅರ್ಥವಿರುತ್ತದೆಂದು ನಂಬುವವರಿದ್ದಾರೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. ಇಟಲಿಯ ಗ್ಯಾರಿಬಾಲ್ಡಿಯ ಕೆಂಪಂಗಿ ದಳ ಜಗತ್ಪ್ರಸಿದ್ಧ. ಆ ಕೆಂಪು ಬಟ್ಟೆ ದಕ್ಷಿಣ ಅಮೆರಿಕದ ಕಸಾಯಿಖಾನೆ ಕೆಲಸಗಾರರಿಗೆಂದು ತಯಾರಾದದ್ದು, ಮಾಂಟೆವಿಡಿಯೋದಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ದಳದವರಿಗೆ ಹೊಲಿಸಿದ್ದು ಎನ್ನುತ್ತಾರೆ. ಗಡಿನಾಡ ಗಾಂಧಿ ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರರೂ ಮೊದಲು ಬಿಳಿಯನ್ನೇ ಉಡುತ್ತಿದ್ದರು. ಬೇಗ ಕೊಳೆಯಾಗುತ್ತದೆಂದು ಇಟ್ಟಿಗೆ ಬಣ್ಣದಲ್ಲಿ ಅದ್ದಿಕೊಂಡರು. ಬ್ರಿಟಿಷರು ಅವರನ್ನು 'ಕೆಂಪಂಗಿಗಳು' ಎಂದು ಕರೆದು ಕಮ್ಯುನಿಸ್ಟರೆಂಬ ಗುಮಾನಿ ಹಬ್ಬಿಸಿದರು. ಕೊಳೆ ಕಾಣದಿರಲೆಂದು ಬಳಿದ ಬಣ್ಣ ಸೆರೆಮನೆಗೆ ದಾರಿಯಾಯಿತು. ಇತ್ತ ಅದೇ ಕಾಲದ ಇಟಲಿಯಲ್ಲಿ ಮುಸಲೋನಿಯ ಕಪ್ಪಂಗಿ ಪಡೆ ಜನರನ್ನು ಬಡಿಯುತ್ತಿತ್ತು. ಎರಡು ದಶಕದ ನಂತರ ಪೆರಿಯಾರ್ ಕೊಟ್ಟ ಕಪ್ಪಂಗಿಗೆ ಅದರ ನೆಂಟಸ್ತಿಕೆ ಏನೂ ಇರಲಿಲ್ಲ.

ಹಾಗಾದರೆ ಬಣ್ಣಕ್ಕೆ ಬಿಸಿ ಏರುವುದು ಹೇಗೆ? ಗಣಿಯ ಕಥೆಯಿಂದ ಮೂರು ಹೆಜ್ಜೆಗಳನ್ನು ಗುರುತಿಸಬಹುದು. ಮೊದಲನೆಯದು, ಒಂದು ದಿನ ಒಂದೇ ಜಾಗದಲ್ಲಿ ಬಹಳ ಮಂದಿ ಅದೇ ಬಣ್ಣ ತೊಟ್ಟು ಕಾಣಿಸಿಕೊಳ್ಳುವುದು. ಒಬ್ಬನ ಕಪ್ಪಂಗಿ ಅವನ ರುಚಿ, ಸಾವಿರ ಜನರ ಕಪ್ಪಂಗಿ ಒಂದು ಸಭೆ. ಎರಡನೆಯದು, ಆ ಬಣ್ಣಕ್ಕೆ ಒಂದು ಪೆಟ್ಟು ಬೀಳುವುದು. ಗುಂಡೇಟಾಗಲಿ, ಬೆಂಕಿಯಾಗಲಿ, ನಿಷೇಧವಾಗಲಿ ಬಣ್ಣವನ್ನು ನೆನಪಿಗೆ ಕಟ್ಟಿಹಾಕುತ್ತದೆ. ಮೂರನೆಯದು, ಮತ್ತು ಎಲ್ಲಕ್ಕಿಂತ ಮುಖ್ಯವಾದುದು, ಎದುರಿನವರು ಅದನ್ನು ಓದಲು ಶುರು ಮಾಡುವುದು. ಆಮೇಲೆ ತೊಟ್ಟವನ ಉದ್ದೇಶಕ್ಕೆ ಬೆಲೆಯಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಅಂಗಿಗೂ ಒಂದು ಪಕ್ಷ ಅಂಟಿಕೊಳ್ಳುತ್ತದೆ.

ಮೂರನೆಯ ಹೆಜ್ಜೆಯಲ್ಲಿ ಭಕ್ತಿಯ ಬಣ್ಣಗಳೂ ಪಾರಾಗುವುದಿಲ್ಲ. ಓಂ ಶಕ್ತಿ ಯಾತ್ರೆಗೆ ಹೊರಡುವ ಮಹಿಳೆಯರಿಗೆ ಬಸ್ಸು ಮಾಡಿಸಿಕೊಡುವುದು ಬೆಂಗಳೂರು, ಕೋಲಾರ ಸೀಮೆಯ ರಾಜಕಾರಣಿಗಳಿಗೆ ಈಗ ವಾಡಿಕೆಯೇ ಆಗಿದೆ. ಕೆಂಪು ಸೀರೆಯ ಸಾಲು ಅಮ್ಮನಿಗೆ ಹರಕೆಯಾಗಿ ಕಂಡರೆ, ಬಸ್ಸು ಕೊಟ್ಟವರಿಗೆ ಮತದಾರರ ಪಟ್ಟಿಯಾಗಿಯೂ ಕಾಣುತ್ತದೆ.

ಬಾಗಿಲಲ್ಲಿ ನಿಂತವರು

ಬಣ್ಣವನ್ನು ಓದುವ ಅಭ್ಯಾಸ ಶಾಲೆಯ ಬಾಗಿಲಿಗೆ ಬಂದಾಗ ಏನಾಗುತ್ತದೆಂಬುದನ್ನು 2022ರ ಫೆಬ್ರವರಿಯಲ್ಲಿ ಇಡೀ ರಾಜ್ಯ ನೋಡಿತು. ಉಡುಪಿಯ ಸರ್ಕಾರಿ ಪದವಿಪೂರ್ವ ಕಾಲೇಜೊಂದರಲ್ಲಿ ಶುರುವಾದ ಹಿಜಾಬ್ ವಿವಾದಕ್ಕೆ ಎದುರಾಗಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹೊದ್ದು ಬಂದರು. ಚಿಕ್ಕಮಗಳೂರಿನಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರ ಪರ ದಲಿತ ವಿದ್ಯಾರ್ಥಿಗಳು ನೀಲಿ ಶಾಲು ಹೊದ್ದು ಜೈ ಭೀಮ್ ಘೋಷಣೆ ಕೂಗಿದರು. ಫೆಬ್ರವರಿ 10ರಂದು ಹೈಕೋರ್ಟು ತನ್ನ ಮಧ್ಯಂತರ ಆದೇಶದಲ್ಲಿ ಕೇಸರಿ ಶಾಲು, ಹಿಜಾಬ್, ಧಾರ್ಮಿಕ ಬಾವುಟ ಇತ್ಯಾದಿಗಳನ್ನು ತರಗತಿಯೊಳಗೆ ಧರಿಸದಂತೆ ತಡೆಯಿತು. ಮಾರ್ಚ್ 15ರಂದು ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟಿನಲ್ಲಿ ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಆ ದಿನಗಳಲ್ಲಿ ಟಿವಿಯ ಪರದೆಯಲ್ಲಿ ಹಿಜಾಬು, ಕೇಸರಿ, ನೀಲಿ ಮೂರೂ ಒಂದೇ ತೂಕದವಾಗಿ ಕಂಡವು. ಆದರೆ ಶಾಲನ್ನು ಮಡಿಚಿ ಬ್ಯಾಗಿಗಿಟ್ಟು ಒಳಗೆ ಹೋದ ಹುಡುಗನಿಗೆ ಅಂದಿನ ಪಾಠ ತಪ್ಪಲಿಲ್ಲ. ದಿನನಿತ್ಯದ ಉಡುಪನ್ನು ತೆಗೆಯಲು ಮನಸ್ಸೊಪ್ಪದೆ ಬಾಗಿಲಲ್ಲೇ ನಿಂತ ಹುಡುಗಿಗೆ ತಪ್ಪಿತು. ಒಂದು ಮೆರವಣಿಗೆಗೆ ತೊಟ್ಟ ಬಣ್ಣವನ್ನೂ, ಬದುಕಿನ ಭಾಗವಾದ ಬಟ್ಟೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದಾಗ ನಷ್ಟ ಯಾರಿಗೆಂಬುದು ಸ್ಪಷ್ಟ.

ಬಣ್ಣಕ್ಕೆ ಹೆದರುವ ಚಟ ಯಾವುದೋ ಒಂದು ಪಕ್ಷದ್ದಲ್ಲ. 2022ರ ಜೂನ್‌ನಲ್ಲಿ ಪಕ್ಕದ ಕೇರಳದಲ್ಲಿ ಮುಖ್ಯಮಂತ್ರಿ ಪಾಲ್ಗೊಂಡ ಸಮಾರಂಭಗಳಲ್ಲಿ ಕಪ್ಪು ಮಾಸ್ಕು ಹಾಕಿಬಂದವರಿಂದಲೂ ಅದನ್ನು ತೆಗೆಸಲಾಯಿತೆಂದು ದೊಡ್ಡ ವಿವಾದವಾಗಿತ್ತು. ಅಲ್ಲಿ ಆಳುತ್ತಿದ್ದವರು ಎಡಪಂಥೀಯರು.

ಗಣಿ ಮುಚ್ಚಿದ ಮೇಲೆ

ಸುಮಾರು 800 ಟನ್ ಚಿನ್ನ ಕೊಟ್ಟ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸೈನೈಡ್ ಗುಡ್ಡಗಳು ಉಳಿದವು. ಗಾಳಿ ಬೀಸುವ ತಿಂಗಳುಗಳಲ್ಲಿ ಅವುಗಳ ಬೂದು ಧೂಳು ಲೈನುಮನೆಗಳ ಮುಂದೆ ಒಣಹಾಕಿದ ಬಟ್ಟೆಗಳ ಮೇಲೆ, ಯಾವ ಪಕ್ಷದ್ದೆಂದು ಕೇಳದೆ, ಕೂರುತ್ತದೆ. ಕೆಲಸವಿಲ್ಲದ ಊರಿನಿಂದ ಸಾವಿರಾರು ಮಂದಿ ದಿನವೂ ಬೆಳಗಿನ ಕತ್ತಲಲ್ಲಿ ರೈಲು ಹಿಡಿದು ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ.

ಅವರ ಅಂಗಿಗಳನ್ನು ಗಮನಿಸಿದರೆ ಈಗ ಹೊಸ ಬಣ್ಣಗಳು ಕಾಣುತ್ತವೆ. ಸೆಕ್ಯುರಿಟಿ ಗಾರ್ಡಿನ ಆಕಾಶನೀಲಿ, ಹೌಸ್‌ಕೀಪಿಂಗ್ ಹೆಂಗಸರ ಕಂದು ಏಪ್ರನ್, ಮನೆಮನೆಗೆ ಊಟ ತಲುಪಿಸುವ ಹುಡುಗನ ಕಿತ್ತಳೆ ಅಥವಾ ಕೆಂಪು ಟೀ ಶರ್ಟು, ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ. ಇವು ಯಾವುವೂ ಅವರು ಆರಿಸಿದ ಬಣ್ಣಗಳಲ್ಲ. ಗೇಟಿನಲ್ಲಿ ಬ್ಯಾಗಿನ ತಪಾಸಣೆಯಿದೆ, ಹಾಜರಿಗೆ ಯಂತ್ರದ ಮೇಲೆ ಬೆರಳಿಡಬೇಕು. 1930ರಲ್ಲಿ ಮುತ್ತಾತಂದಿರು ಮೂರು ವಾರ ಕೂಲಿ ಬಿಟ್ಟು ನಿರಾಕರಿಸಿದ ಬೆರಳಚ್ಚನ್ನು ಮರಿಮಕ್ಕಳು ದಿನಕ್ಕೆರಡು ಸಲ ಕೊಡುತ್ತಾರೆ.

ಆದ್ದರಿಂದ ಭಾನುವಾರ ಆ ಹುಡುಗ ಸಮವಸ್ತ್ರ ಕಳಚಿ ಅಂಬೇಡ್ಕರ್ ಜಯಂತಿಗೆ ನೀಲಿ ಶಾಲನ್ನೋ, ದೇವಸ್ಥಾನಕ್ಕೆ ಕಪ್ಪು ಪಂಚೆಯನ್ನೋ, ತಾತನ ಕಪೋಟಿನಲ್ಲಿದ್ದ ಅಂಚಿನ ವೇಷ್ಟಿಯನ್ನೋ ತೊಟ್ಟರೆ ಅದನ್ನು ಬರಿಯ ಪಕ್ಷಪಾತವೆಂದು ತಳ್ಳಿಹಾಕುವಂತಿಲ್ಲ. ವಾರದ ಆರು ದಿನ ಬೇರೆಯವರು ಕೊಟ್ಟ ಬಣ್ಣದಲ್ಲಿದ್ದವನು ಒಂದು ದಿನ ತನ್ನ ಬಣ್ಣ ತೊಡುತ್ತಿದ್ದಾನೆ. ಅವನ ಬಣ್ಣ ನಮಗೆ ಹಿಡಿಸದಿರಬಹುದು, ಅವನೊಡನೆ ವಾದ ಮಾಡಲೂಬಹುದು. ಆದರೆ ಅವನ ಅಂಗಿ ಬಿಚ್ಚಿಸುವ, ಅವನನ್ನು ಬಾಗಿಲಲ್ಲಿ ತಡೆಯುವ, ಬಣ್ಣ ನೋಡಿ ಕೈಯೆತ್ತುವ ಅಧಿಕಾರ ಯಾರಿಗೂ ಇರಕೂಡದು. ಬಂಗಾರಪೇಟೆಯ ರೈಲಿನಲ್ಲಿ ಅಯ್ಯಪ್ಪ ಭಕ್ತನ ಕಪ್ಪೂ ಪೆರಿಯಾರ್ ಅನುಯಾಯಿಯ ಕಪ್ಪೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂತು ಬೆಂಗಳೂರಿನವರೆಗೆ ಹೋಗುತ್ತವೆ. ದೇವರಿದ್ದಾನೋ ಇಲ್ಲವೋ ಎಂಬ ಜಗಳ ದಾರಿಯಲ್ಲಿ ನಡೆದರೂ ನಡೆಯಬಹುದು. ಇಳಿಯುವ ನಿಲ್ದಾಣ ಬಂದಾಗ ಮಾತ್ರ ಇಬ್ಬರೂ ಇಳಿಯುತ್ತಾರೆ.